ಸೀದ ಪಾತ್ರೆಯ ಕರಿಹಲಗೆ

ಜೂನ್ 12, ಬುಧವಾರ

ಇವತ್ತೂ ಮಕ್ಕಳು ಶಾಲೆಗೆ ಹೋಗಲಿಲ್ಲ.

ಹರ್ಷವರ್ಧನ ಯೂನಿಫಾರ್ಮ್ ಹಾಕಿ, ಚೀಲ ಬೆನ್ನಿಗೇರಿಸಿ, ಬಾಗಿಲ ತನಕ ಹೋಗಿ ಹೊಸ್ತಿಲ ಮೇಲೆ ಕೂತುಬಿಟ್ಟ. "ವಟ್ಟೆ ನೋಯ್ತದೆ" ಅಂದ. ನಾಲ್ಕನೇ ಕ್ಲಾಸಿನ ಹುಡುಗ, ಎತ್ತಿಕೊಂಡು ಹೋಗಿ ಬಿಡುವ ವಯಸ್ಸಲ್ಲ. ತಮ್ಮ ಹೋಗದಿದ್ದರೆ ತಾನೂ ಇಲ್ಲ ಎಂದು ಮೇಘಶ್ರೀ ಚೀಲ ಇಳಿಸಿದಳು. ಅವಳದು ಏಳನೆಯದು. ಬೇಸಿಗೆ ರಜೆ ಮುಗಿದಾಗಿನಿಂದ ಹೀಗೇ. ಶಾಲೆಯ ಗಂಟೆ ಹೊಡೆದ ಮೇಲೆ ಹೊಟ್ಟೆನೋವು ತಾನಾಗಿ ಹೋಗುತ್ತದೆ.

ಅವರ ಅಪ್ಪ ದೇವರಾಜ್ ಹೋದದ್ದು ಫೆಬ್ರವರಿಯಲ್ಲಿ. ಊರ ಡೇರಿಯಲ್ಲಿ ಬೆಳಗಿನ ಹಾಲು ಅಳೆದು, ಫ್ಯಾಟ್ ನೋಡಿ, ಕ್ಯಾನುಗಳನ್ನು ಗಾಡಿಗೆ ಏರಿಸಿ, ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಈ ಪುಸ್ತಕ ಹೊಸ ವರ್ಷಕ್ಕೆ ಗೊಬ್ಬರದಂಗಡಿಯವರು ಅವರಿಗೆ ಕೊಟ್ಟದ್ದು. ಒಂದಕ್ಷರ ಬರೆದಿರಲಿಲ್ಲ. ಸುಮ್ಮನೆ ಬಿದ್ದಿರುವುದೇಕೆ ಎಂದು ಬರೆಯುತ್ತಿದ್ದೇನೆ. ಮಾತಾಡುವುದಕ್ಕಿಂತ ಸುಲಭ.

ಅಟ್ಟದ ಮೇಲೆ ಸೌದೆ ಹುಡುಕುವಾಗ ಸೀದ ಪಾತ್ರೆ ಸಿಕ್ಕಿತು. ಏಪ್ರಿಲ್‌ನಲ್ಲಿ ಒಂದು ದಿನ ಹಾಲು ಕಾಯಲು ಇಟ್ಟು ಒಲೆಯ ಮುಂದೆಯೇ ಕೂತಿದ್ದೆ. ಹೇಗೆ ಸೀದಿತೋ ಗೊತ್ತಾಗಲಿಲ್ಲ. ಆಟ ಬಿಟ್ಟು ಬಂದ ಹರ್ಷ ಗ್ಯಾಸ್ ಆರಿಸಿದ. ಪಾತ್ರೆ ಹಾಳಾಯಿತು, ಅಷ್ಟೇ. ತಿಪ್ಪೆಗೆ ಹೋಗಿರಬೇಕು ಅಂದುಕೊಂಡಿದ್ದೆ. ಯಾರೋ ಗೋಣಿಚೀಲದಲ್ಲಿ ಸುತ್ತಿ ಮೂಲೆಗೆ ತುರುಕಿದ್ದಾರೆ.

ಜೂನ್ 19, ಬುಧವಾರ

ಹೆಡ್‌ಮೇಡಂ ಯಶೋಧರಾ ಮನೆಗೆ ಬಂದಿದ್ದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ನೇರವಾಗಿ ಹೇಳಿದರು.

"ಹೆಸರು ತೆಗೆಯೋದಿಲ್ಲ ಸ್ನೇಹಲತಾ. ಅಪ್ಪನ್ನ ಕಳ್ಕೊಂಡ ಮಕ್ಕಳು, ಸ್ವಲ್ಪ ಸಮಯ ಬೇಕು. ಆದ್ರೆ ದಸರಾ ರಜೆ ಮುಗಿದ ದಿನ ಇಬ್ಬರೂ ನನ್ನ ಮುಂದೆ ಕೂತು ಪರೀಕ್ಷೆ ಬರೀಬೇಕು. ಆಗಲಿಲ್ಲ ಅಂದ್ರೆ ಅವರ ಚಿಕ್ಕಪ್ಪ ಹೇಳೋದೇ ಸರಿ."

ಚಿಕ್ಕಪ್ಪ ಅಂದರೆ ನನ್ನ ಮೈದುನ ಶಿವಕುಮಾರ್. ಚನ್ನರಾಯಪಟ್ಟಣದಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಸಂಜೆ ಅವನ ಫೋನೂ ಬಂತು. "ಅತ್ಗೆ, ಸುಮ್ಕೆ ಮಕ್ಳ ಬಾಳು ಆಳ್ ಮಾಡ್ಬ್ಯಾಡಿ. ಇಲ್ಲಿ ಆಸ್ಟೆಲ್‌ಗೆ ಆಕ್ಬುಡನ, ಇಬ್ರುನ್ನೂವೆ. ಖರ್ಚು ನಂದು."

ಅವನು ಕೆಟ್ಟವನಲ್ಲ. ಆದರೆ ಇಬ್ಬರನ್ನೂ ಅಂದಾಗ ನನಗೆ ಗೋಡೆಯ ಮೇಲಿನ ಎರಡು ಚೀಲದ ಮೊಳೆಗಳು ಕಾಣಿಸಿದವು. ಬರೀ ಮೊಳೆಗಳು.

"ದಸರಾ ತನ್ಕ ನಾನೇ ಕಲಿಸ್ತೀನಿ" ಅಂದೆ. ನನಗೇ ನನ್ನ ದನಿ ಬೇರೆಯವರದ್ದು ಅನ್ನಿಸಿತು. ನಾನು ಎಸ್ಸೆಸ್ಸೆಲ್ಸಿ. ಅದೂ ಲೆಕ್ಕದಲ್ಲಿ ಅಂಚಿನಲ್ಲಿ ದಾಟಿದ್ದು.

ಹೊಟ್ಟೆನೋವಿನ ಹುಡುಗ ಇವತ್ತು ಎರಡು ಮುದ್ದೆ ಉಂಡ.

ಜೂನ್ 24, ಸೋಮವಾರ

ಮೊದಲ ಪಾಠ. ಸೋತೆ.

ಕರಿಹಲಗೆ ಇಲ್ಲ. ಆಗ ಹೊಳೆದದ್ದು ಆ ಸೀದ ಪಾತ್ರೆ. ಒಳಗೂ ಹೊರಗೂ ಕಪ್ಪು, ತಳ ದುಂಡಗೆ ಅಗಲವಾಗಿದೆ. ಬೋರಲು ಹಾಕಿ ಗೋಡೆಗೆ ಒರಗಿಸಿದರೆ ಸೊಗಸಾದ ಹಲಗೆ. ಮೇಡಂ ಕೊಟ್ಟ ಸೀಮೆಸುಣ್ಣದ ಚೂರುಗಳಲ್ಲಿ ಬರೆದರೆ ಅಕ್ಷರ ಚೆನ್ನಾಗಿ ಏಳುತ್ತದೆ. ನನ್ನ ಜಾಣತನಕ್ಕೆ ನನಗೇ ಖುಷಿಯಾಯಿತು. ಹರ್ಷ ಮಾತ್ರ ಅದನ್ನು ನೋಡಿ ಹಿಂದೆ ಸರಿದ.

"ಅದ್ರ ಮೇಲೆ ನಾ ಬರಿಯಲ್ಲ."

"ಯಾಕ್ಲಾ?"

"ಬರಿಯಲ್ಲ ಅಂದ್ರೆ ಬರಿಯಲ್ಲ."

ಭಿನ್ನರಾಶಿ ಕಷ್ಟವೆಂದು ನೆಪ ಇರಬೇಕು. ನಾನು ಪುಸ್ತಕ ತೆರೆದು ಓದಿದೆ. ಓದುತ್ತಾ ಓದುತ್ತಾ ಅರ್ಧ ವಾಕ್ಯಕ್ಕೆ ನಿಂತೆ. ಮಕ್ಕಳು ಕಾದರು. ದನ ಬಿಚ್ಚಲು ಹೊರಟ ಅತ್ತೆ ಬಾಗಿಲಲ್ಲಿ ನಿಂತು ಅಂದರು: "ಏನವ್ವ, ಮೇಷ್ಟ್ರಮ್ಮ ತೂಕಡಿಸ್ತಾ ಅವ್ಳಾ?"

ಜೂನ್ 27, ಗುರುವಾರ

ಇವತ್ತು ಬರೆಯುವುದು ಬಹಳ ಇದೆ!

ತೆಂಗಿನಕಾಯಿ ಕೊಳ್ಳುವ ತಿಮ್ಮಪ್ಪ ಬಂದಿದ್ದ. ಕಾಯಿ ಎಣಿಸುವಾಗ ಅತ್ತೆ ದೊಡ್ಡತಾಯಮ್ಮ ಯಾರನ್ನೂ ನಂಬುವವರಲ್ಲ. ತಾವೇ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಅನ್ನುವ ಬದಲು "ಲಾಭ" ಎಂದು ಶುರುಮಾಡಿ ಎಸೆಯುತ್ತಾ ಹೋದರು. ಪ್ರತಿ ನೂರಾದಾಗ ಹರ್ಷ ಒಂದು ಕಲ್ಲು ಇಡಬೇಕು, ತಿಮ್ಮಪ್ಪ ತನ್ನ ಕಡೆ ಐದು ಕಾಯಿ ಹೆಚ್ಚಿಗೆ ಎಳೆದುಕೊಳ್ಳಬೇಕು. ಅದು ಕೊಸರು. ನೂರಕ್ಕೆ ಐದು.

"ಅಜ್ಜಿ, ಆ ಐದು ಯಾಕೆ ಪುಕ್ಸಟ್ಟೆ ಕೊಡದು?" ಅಂದ ಹರ್ಷ.

"ಕೊಸ್ರು ಇಲ್ದೆ ಯಾಪಾರವೇನ್ಲಾ? ಒಡೆದದ್ದು, ಕೊಳೆತದ್ದು ಒಂದೊಂದು ಇರ್ತದೆ. ಅವ್ನಿಗೂ ಲುಕ್ಸಾನಾಗ್ಬಾರ್ದು."

ತಿಮ್ಮಪ್ಪ ನಕ್ಕ. "ನಿಮ್ಮಜ್ಜಿ ಕೊಳೆತದ್ದೇ ಐದು ಆರಿಸಿ ಕೊಡ್ತಾಳೆ ಕಣಪ್ಪ, ನೋಡ್ಕ."

ಆಗ ನನ್ನ ತಲೆಯಲ್ಲಿ ಏನೋ ಬೆಳಗಿತು. ಮೇಘಾಳ ಪುಸ್ತಕದಲ್ಲಿ ಮೂರು ದಿನದಿಂದ ಕಾಡುತ್ತಿದ್ದ ಶೇಕಡಾ ಇದೇ ಅಲ್ಲವೇ? ಶೇಕಡಾ ಐದು ಅಂದರೆ ನೂರಕ್ಕೆ ಐದು ಕೊಸರು! ಅಂಗಳದಲ್ಲೇ ಕೂಗಿಬಿಟ್ಟೆ. ಮೇಘಾ ಓಡಿ ಬಂದಳು. ಕಾಯಿ ರಾಶಿಯ ಮುಂದೆ ಮೂವರೂ ಕೂತು ಇನ್ನೂರಕ್ಕೆ ಎಷ್ಟು, ಐವತ್ತಕ್ಕೆ ಎಷ್ಟು, ಕೊಸರು ಎಂಟಾದರೆ ಎಷ್ಟು ಎಂದು ಮಾಡುತ್ತಲೇ ಹೋದೆವು. ಹತ್ತನೇ ಕ್ಲಾಸಿನಲ್ಲಿ ನನಗೆ ಅರ್ಥವಾಗದೆ ಬಾಯಿಪಾಠ ಮಾಡಿದ್ದು ಅದು. ಇಷ್ಟೇ ಇತ್ತೇ? ಇಷ್ಟು ವರ್ಷ ನಮ್ಮ ಅಂಗಳದಲ್ಲೇ ಬಿದ್ದಿತ್ತೇ?

ಸಾರಿಗೆ ಉಪ್ಪು ಹಾಕಲು ಮರೆತೆ. ಯಾರೂ ಬೈಯಲಿಲ್ಲ.

ಜುಲೈ 9, ಮಂಗಳವಾರ

ಈಗೀಗ ಬೆಳಿಗ್ಗೆ ಎಚ್ಚರವಾಗುವುದೇ ಇವತ್ತು ಏನು ಕಲಿಸಲಿ ಅನ್ನುವ ಯೋಚನೆಗೆ. ಹಾಲು ಕರೆಯುವಾಗಲೂ ಅದೇ.

ನಿನ್ನೆ ಭಿನ್ನರಾಶಿಯನ್ನು ಮುದ್ದೆಯಲ್ಲಿ ಮಾಡಿದೆವು. ಅರ್ಧ, ಕಾಲು, ಅರೆಕಾಲು. ಛೇದ ದೊಡ್ಡದಾದಷ್ಟೂ ತುತ್ತು ಚಿಕ್ಕದಾಗುತ್ತದೆ ಎಂದು ಹರ್ಷ ತಾನೇ ಕಂಡುಹಿಡಿದ. "ಅಂಗಾರೆ ನಂಗೆ ಒಂದ್ರಲ್ಲಿ ಒಂದು ಕೊಡು" ಅಂದು ಇಡೀ ಮುದ್ದೆ ನುಂಗಿದ. ಕನ್ನಡಕ್ಕೆ ಟೀ ಅಂಗಡಿಯ ಹಳೇ ಪೇಪರು ತರುತ್ತೇವೆ. ಮೇಘಾ ಜೋರಾಗಿ ಓದುತ್ತಾಳೆ, ಹರ್ಷ ತಪ್ಪು ಹಿಡಿಯುತ್ತಾನೆ, ನಾನು ನಡುವೆ ಪಂಚಾಯಿತಿ ಮಾಡುತ್ತೇನೆ. ಸೀದ ಪಾತ್ರೆಯ ಮೇಲೆ ನಾನೂ ಮೇಘಾಳೂ ಬರೆಯುತ್ತೇವೆ. ಹರ್ಷ ನೆಲದ ಮೇಲೆಯೇ ಬರೆಯುವುದು. ಹಟ.

ಅವನಿಗೆ ಇನ್ನೊಂದು ಅಭ್ಯಾಸ ಬಂದಿದೆ. ನಾನು ಕಣ್ಣಿಗೆ ಕಾಣದಿದ್ದರೆ ಕೂಗುತ್ತಾನೆ.

"ಅಮ್ಮಾ!"

"ಏನೋ?"

"ಏನಿಲ್ಲ."

ಬಚ್ಚಲಲ್ಲಿದ್ದರೂ ಬಿಡುವುದಿಲ್ಲ. ಗ್ಯಾಸಿನ ಮೇಲೂ ಅವನಿಗೆ ವಿಪರೀತ ಆಸಕ್ತಿ. ಆರಿಸಿದೆಯಾ, ಗುಂಡಿ ತಿರುಗಿಸಿದೆಯಾ, ಎಷ್ಟು ಹೊತ್ತಿಗೆ ಹಾಲು ಉಕ್ಕುತ್ತದೆ. ಮಗನಿಗೆ ವಿಜ್ಞಾನದ ಕಡೆ ಒಲವಿದೆ ಅನ್ನಿಸುತ್ತದೆ. ಬೆಂಕಿಯ ಮೇಲೆ ಒಂದು ಪಾಠ ಮಾಡಬೇಕು.

ಜುಲೈ 16, ಮಂಗಳವಾರ

ಬೆಂಕಿಯ ಪಾಠ ಮಾಡಿದೆ. ತಟ್ಟೆಯಲ್ಲಿ ಮೇಣದಬತ್ತಿ ನಿಲ್ಲಿಸಿ ಗಾಜಿನ ಲೋಟ ಬೋರಲು ಹಾಕುವುದು. ಗಾಳಿ ಮುಗಿದಂತೆ ಜ್ವಾಲೆ ಕುಗ್ಗಿ ಕುಗ್ಗಿ ಆರುತ್ತದೆ. ಆರಿದಾಗ ನಾನೇ ಚಪ್ಪಾಳೆ ತಟ್ಟಿದೆ.

ಹರ್ಷ ಲೋಟದೊಳಗೆ ತುಂಬಿದ ಹೊಗೆ ನೋಡಿ ಕೇಳಿದ: "ಅಮ್ಮ, ಒಗೆ ತುಂಬ್ಕಂಡ್ರೆ ಮನುಷ್ರಿಗೆ ಕಿವಿ ಕೇಳಲ್ವಾ?"

"ಯಾಕೆ?"

"ಕರುದ್ರೂ ತಿರುಗಲ್ವಲ್ಲ, ಅದ್ಕೆ."

ಮೇಘಾ ಅವನ ತೊಡೆ ಚಿವುಟಿದ್ದು ಕಂಡಿತು. ಯಾಕೆ ಚಿವುಟಬೇಕು? ಎಂಥ ಪ್ರಶ್ನೆ ಕೇಳುತ್ತಾನೆ ಈ ಹುಡುಗ! ಹೊಗೆಗೂ ಕಿವಿಗೂ ಸಂಬಂಧ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಯಶೋಧರಾ ಮೇಡಂ ಅವರನ್ನು ಕೇಳಬೇಕು.

ಜುಲೈ 30, ಮಂಗಳವಾರ

ದುಡ್ಡಿಲ್ಲದೆ ಪ್ರವಾಸ ಹೋಗುವುದು ಹೇಗೆ ಎಂದು ಕೊರಗುತ್ತಿದ್ದೆ. ಉತ್ತರ ಮನೆ ಮುಂದೆಯೇ ದಿನಕ್ಕೆರಡು ಸಲ ಹಾರನ್ ಹೊಡೆದು ಹೋಗುತ್ತಿತ್ತು. ಸರ್ಕಾರಿ ಬಸ್ಸು! ಹೆಂಗಸರಿಗೆ ಪುಕ್ಕಟೆ, ನನಗೂ ಮೇಘಾಗೂ ಸೊನ್ನೆ ಟಿಕೆಟ್. ಹರ್ಷನಿಗೆ ಮಾತ್ರ ಅರ್ಧ.

ದುದ್ದದ ಮೇಲೆ ಹಾಸನಕ್ಕೆ ಹೋಗಿ, ಅಲ್ಲಿಂದ ಬೇಲೂರಿನ ಬಸ್ಸು ಹತ್ತಿ, ದೊಡ್ಡಗದ್ದವಳ್ಳಿ ಕ್ರಾಸಿನಲ್ಲಿ ಇಳಿದು ನಡೆದೆವು. ಫೆಬ್ರವರಿಯಿಂದ ನಾನು ಊರ ಗಡಿ ದಾಟಿರಲಿಲ್ಲ ಅನ್ನುವುದು ಹಾಸನದ ಸ್ಟ್ಯಾಂಡಿನಲ್ಲಿ ನಿಂತಾಗ ನೆನಪಾಯಿತು. ಅಷ್ಟರಲ್ಲಿ ಬೇಲೂರು ಬೋರ್ಡಿನ ಬಸ್ಸು ಬಂತು, ಓಡಿದೆವು.

ಲಕ್ಷ್ಮೀದೇವಿ ಗುಡಿಯಲ್ಲಿ ಒಂದೇ ನಡುಮನೆಗೆ ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿ. ಮೇಘಾ ನಡುವೆ ನಿಂತು ನಕ್ಷೆ ಬರೆದಳು. ಅರ್ಧ ಬರೆದು ಹಾಳೆ ಮಡಚಿ ಬೆಳಕಿಗೆ ಹಿಡಿದರೆ ಇನ್ನರ್ಧ ತಾನಾಗಿ ಬರುತ್ತದೆ. ಪುಸ್ತಕದ ಸಮಮಿತಿಯನ್ನು ಕಲ್ಲಿನಲ್ಲಿ ಮುಟ್ಟಿದೆವು! ಹರ್ಷ ಕಾಳಿಯ ಬಾಗಿಲಿನ ಎರಡು ಬೇತಾಳಗಳ ಮುಂದೆ ನಿಂತವನು ಅಲುಗಾಡಲಿಲ್ಲ. ಎಲುಬು ಎಣಿಸಬಹುದು, ಅಂಥ ಕೆತ್ತನೆ.

"ಇವು ಯಾಕ್ ಇಲ್ಲಿ ನಿಂತವೆ ಸಾ?" ಅಂತ ಪೂಜಾರಿಯನ್ನು ಕೇಳಿದ.

"ಒಳಗಿರೋ ತಾಯಿನ ಕಾಯಕ್ಕೆ ಕಣಪ್ಪ."

"ಎರಡೂ ಯಾವಾಗ್ಲೂ ಇಲ್ಲೇ ಇರ್ಬೇಕಾ? ಸ್ಕೂಲಿಗೆ ಓಗಲ್ವಾ?"

ಪೂಜಾರಿ ಹೊಟ್ಟೆ ಹಿಡಿದು ನಕ್ಕರು. "ಸರದಿ ಮ್ಯಾಲೆ ಓಗ್ಬೌದಿತ್ತು, ಕಲ್ಲಾಗ್ಬುಟ್ಟವಲ್ಲ!" ಮೇಘಾ ಯಾಕೋ ನಗಲಿಲ್ಲ. ಹಸಿವಾಗಿತ್ತೇನೋ.

ಬಂದ ಮೇಲೆ ಗೋಡೆಗೆ ಟಿಕೆಟ್ ಅಂಟಿಸಿದೆವು. ಊರಿಂದ ಊರಿಗೆ ಗೆರೆ ಎಳೆದರೆ ಜಿಲ್ಲೆಯ ಭೂಪಟ ಆಗುತ್ತದೆ! ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಇನ್ನೂ ಖಾಲಿ ಇವೆ. ತುಂಬಬೇಕು.

ಆಗಸ್ಟ್ 14, ಬುಧವಾರ

ಹೊಳೆನರಸೀಪುರ ತುಂಬಿತು! ಅಲ್ಲಿಂದ ಹಳೇಕೋಟೆಗೂ ಹೋದೆವು, ನನ್ನ ತವರು.

ಬಸ್ಸಿನಲ್ಲಿ ಟಿಕೆಟ್ ಹರಿಯುವಾಗ ಹರ್ಷ ಕಂಡಕ್ಟರನ್ನು ತಡೆದ. "ಸಾ, ಇವ್ರಿಬ್ರಿಗೂ ಫ್ರೀ, ನಂಗ್ಯಾಕೆ ಕಾಸು? ನಾನೇ ಸಣ್ಣೋನು."

"ಗಂಡಾಗಿ ಉಟ್ಟಿದ್ದು ನಿನ್ ತೆಪ್ಪು ಕಣ್ಲಾ. ಸರ್ಕಾರಕ್ಕೆ ಅರ್ಜಿ ಆಕು."

"ಅಮ್ಮ, ನಾಳಿಂದ ನಂಗೂ ಜಡೆ ಆಕ್ಬುಡು. ಅಕ್ಕನ್ ಲಂಗ ಕೊಡು."

"ನನ್ ಲಂಗ ಮುಟ್ಟುದ್ರೆ ಕೈ ಮುರ್ದಾಕ್ತೀನಿ" ಅಂದಳು ಮೇಘಾ.

ಹಿಂದಿನ ಸೀಟಿನ ಅಜ್ಜಿ ಒಬ್ಬಳು, "ಬಾರಪ್ಪ, ನನ್ ಸೆರಗು ಒದ್ದುಸ್ತೀನಿ, ಯಾರಿಗೂ ಗೊತ್ತಾಗಲ್ಲ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮಕ್ಕಳಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಪಿಸುಗುಟ್ಟಿದರು. ಲಂಗದ ವಿಷಯ ಇರಬೇಕು.

ಹೇಮಾವತಿ ದಡ ಮುಟ್ಟಿ ಹರಿಯುತ್ತಿದೆ. ಸೇತುವೆಯ ಒಂದು ಬದಿಯಿಂದ ಎಲೆ ಬಿಟ್ಟು, ಅದು ಕೆಳಗೆ ಹಾದು ಇನ್ನೊಂದು ಬದಿಗೆ ಬರುವ ತನಕ ಎಣಿಸಿದೆವು. ದೂರ, ಕಾಲ, ವೇಗ! ನನ್ನಣ್ಣ ಅನಿಲ್‌ಕುಮಾರ್ ಸ್ಕೂಟರ್ ನಿಲ್ಲಿಸಿ ಬಂದವನು, ತಂಗಿ ಸೇತುವೆಗೆ ಒರಗಿ "ಓಡೇ ಮೇಘಾ, ಎಲೆ ಬಂತು!" ಎಂದು ಕೂಗುವುದನ್ನು ನೋಡಿ ಅಲ್ಲೇ ನಿಂತುಬಿಟ್ಟ.

"ಚೆನ್ನಾಗಿದ್ದೀಯವ್ವಾ?" ಅಂದ.

"ಬಿಡುವಿಲ್ಲ ಕಣಣ್ಣ" ಅಂದೆ.

ಆಗಸ್ಟ್ 23, ಶುಕ್ರವಾರ

ಮಕ್ಕಳ ಅಪ್ಪ ಹುಟ್ಟಿದ ದಿನ.

ಏಳಲಿಲ್ಲ.

ಆಗಸ್ಟ್ 25, ಭಾನುವಾರ

ಮೊನ್ನೆ ಹರ್ಷನಿಗೆ ಮತ್ತೆ ಹೊಟ್ಟೆನೋವು ಬಂದಿತ್ತಂತೆ. ಎಷ್ಟು ದಿನದಿಂದ ಇರಲಿಲ್ಲ. ಅತ್ತೆ ಓಂಕಾಳು ಅಗಿಸಿದರಂತೆ. ಇಡೀ ದಿನ ನನ್ನ ಹಾಸಿಗೆಯ ಪಕ್ಕದಲ್ಲಿ ಕೂತು ಮಗ್ಗಿ ಹೇಳುತ್ತಿದ್ದ. ಹದಿಮೂರರ ಮಗ್ಗಿಯಲ್ಲಿ ತಪ್ಪಿದ. ನಾನು ಗೋಡೆ ಕಡೆ ಮುಖ ಮಾಡಿಯೇ "ತೊಂಬತ್ತೊಂದು" ಎಂದು ತಿದ್ದಿದೆ. ಅವನು ಮತ್ತೆ ಅದೇ ಕಡೆ ತಪ್ಪಿದ. ಮತ್ತೆ ತಿದ್ದಿದೆ. ಸಂಜೆಯ ತನಕ ಅದೊಂದೇ ಕಡೆ ತಪ್ಪುತ್ತಿದ್ದ. ಇವತ್ತು ಕೇಳಿದರೆ ಹದಿನಾರರ ಮಗ್ಗಿಯನ್ನೂ ನೀರು ಕುಡಿದಂತೆ ಹೇಳುತ್ತಾನೆ. ಮಕ್ಕಳ ನೆನಪಿನ ಶಕ್ತಿಯೇ ವಿಚಿತ್ರ.

ಸೆಪ್ಟೆಂಬರ್ 18, ಬುಧವಾರ

ಡೇರಿ ಅಧ್ಯಕ್ಷ ಪಾಪಯ್ಯ ಬಂದಿದ್ದರು. ಡೇರಿಯಲ್ಲಿ ಮಕ್ಕಳ ಅಪ್ಪನ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ಪಕ್ಕದೂರಿನವನೊಬ್ಬ ಬಂದು ನೋಡಿಕೊಂಡು ಹೋಗುತ್ತಿದ್ದಾನೆ.

"ನೀನೇ ಬಾರವ್ವ. ಫ್ಯಾಟ್ ನೋಡಾ ಕೆಲ್ಸ. ಮಿಸಿನ್ನೇ ಎಲ್ಲಾ ಯೋಳ್ತದೆ. ನವೆಂಬರ್‌ನಾಗೆ ಆಸನದಲ್ಲಿ ಎಲ್ಡು ವಾರ ಟ್ರೈನಿಂಗು. ಬೆಳುಗ್ಗೆ ಓಗಿ ಸಂಜಿಕ್ ಬರಾದು."

"ಆಗಲ್ಲ ಪಾಪಣ್ಣ. ಮಕ್ಳಿಗೆ ಪಾಠ ಯಾರು ಮಾಡ್ತಾರೆ?"

ಬಾಗಿಲ ಸಂದಿಯಿಂದ ಹರ್ಷನ ತಲೆ ಕಂಡಿತು. "ಪಾಪಣ್ಣ ತಾತ, ಡೇರೀಲಿ ಎಷ್ಟ್ ಜನ ಇರ್ತಾರೆ?"

"ಆಲು ಆಕಕ್ಕೆ ಊರೆಲ್ಲಾ ಬತ್ತದೆ ಕಣ್ಲಾ. ಯಾಕೆ, ನೀನು ಬತ್ತೀಯಾ ಕೆಲ್ಸಕ್ಕೆ?"

"ಅಮ್ಮ ಒಬ್ಳೇ ಇರಾ ಅಂಗಿಲ್ವಾ ಅಲ್ಲಿ?"

"ಒಬ್ಳೇನು ಬಂತು, ಉಸ್ರು ಬುಡಕ್ಕೆ ಜಾಗ ಇರಲ್ಲ."

ಪಾಪಯ್ಯ ಹೋದ ಮೇಲೆ ಹರ್ಷ ಹಿಂದೆ ಮುಂದೆ ತಿರುಗುತ್ತಾ, "ಓಗಮ್ಮ, ಓಗು" ಎಂದು ಗೋಗರೆದ. ಪಾಠದಿಂದ ತಪ್ಪಿಸಿಕೊಳ್ಳುವ ಉಪಾಯ! ನಾನು ಮಣಿಯಲಿಲ್ಲ. ಪರೀಕ್ಷೆಗೆ ತಿಂಗಳು ಉಳಿದಿದೆ. ಅರಕಲಗೂಡು ಬೇರೆ ಬಾಕಿ ಇದೆ.

ಅಕ್ಟೋಬರ್ 2, ಬುಧವಾರ

ಮಾರ್ನಮಿ, ಹಿರಿಯರ ಹಬ್ಬ. ಎಡೆ ಇಟ್ಟೆವು. ಅತ್ತೆ ಕೋಳಿ ಸಾರು ಮಾಡಿದರು, ನಾನು ಮಕ್ಕಳ ಅಪ್ಪನಿಗೆ ಇಷ್ಟದ ಒಬ್ಬಟ್ಟು. ಎಡೆ ಇಡುವಾಗ ಅತ್ತೆ ಮಗನ ಫೋಟೊ ನೋಡಿ, "ನಿನ್ ಎಂಡ್ತಿ ಮೇಷ್ಟ್ರಮ್ಮ ಆಗವ್ಳೆ ಕಣಪ್ಪ, ನಂಗೂ ರುಜು ಮಾಡಾದು ಕಲ್ಸವ್ಳೆ" ಅಂದರು. ಅದು ನಿಜ. ಹೋದ ವಾರ ಕಲಿಸಿದೆ. ದೊಡ್ಡತಾಯಮ್ಮ ಅನ್ನುವ ಹೆಸರಿನಲ್ಲಿ ಒತ್ತು ಬಹಳ ಎಂದು ಬೈದುಕೊಂಡು ಕಲಿತರು.

ನಾಳೆ ಬೆಳಿಗ್ಗೆ ಅರಕಲಗೂಡಿನ ಬಸ್ಸು. ಬುತ್ತಿ ಕಟ್ಟಬೇಕು. ಆಲೂಗಡ್ಡೆ ಹೊಲ, ಹೊಗೆಸೊಪ್ಪು ಒಣಗಿಸುವ ಗೂಡು ತೋರಿಸುತ್ತೇನೆ. ನಾನೂ ಅಲ್ಲಿಗೆ ಇದೇ ಮೊದಲು!

ಅಕ್ಟೋಬರ್ 20, ಭಾನುವಾರ

ನಾಳೆ ಪರೀಕ್ಷೆ. ಮಕ್ಕಳು ಗಿಲ್ಲಿ ಆಡುತ್ತಿದ್ದಾರೆ. ನನಗೇ ಅನ್ನ ಇಳಿಯುತ್ತಿಲ್ಲ. ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನು ನಾನೇ ಕೂತು ಬರೆದು ನೋಡಿದೆ. ಮೇಘಾ ತಿದ್ದಿದಳು. ಲೆಕ್ಕದಲ್ಲಿ ಒಂದೂ ತಪ್ಪಿಲ್ಲ!

ಅಕ್ಟೋಬರ್ 21, ಸೋಮವಾರ

ಹೇಗೆ ಬರೆಯಲಿ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶಿವಕುಮಾರ್ ಚನ್ನರಾಯಪಟ್ಟಣದಿಂದ ಕಾರಿನಲ್ಲಿ ಬಂದಿದ್ದ. ಹಾಸ್ಟೆಲಿಗೆ ಮಾತಾಡಿಟ್ಟಿದ್ದಾನಂತೆ. ಮೇಡಂ ಕೋಣೆಯಲ್ಲಿ ಮಕ್ಕಳು ಬರೆದರು. ನಾವಿಬ್ಬರೂ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆವು. ಅವನು ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತಲೇ ಇದ್ದ.

ಕರೆದರು. ಮೇಘಾಳ ಉತ್ತರ ನೋಡಿ ಮೇಡಂ, "ಶೇಕಡಾ ಲೆಕ್ಕ ನಮ್ಮ ಕ್ಲಾಸಿನಲ್ಲಿ ಯಾರೂ ಇಷ್ಟು ಸಲೀಸಾಗಿ ಮಾಡಿಲ್ಲ" ಅಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಆಮೇಲೆ ಹರ್ಷನ ಹಾಳೆ ಹಿಡಿದು ಹುಬ್ಬು ಗಂಟಿಕ್ಕಿದರು.

"ರೈತನ ಹತ್ರ ಸಾವಿರ ತೆಂಗಿನಕಾಯಿ ಇದ್ವು. ಆರು ನೂರು ಮಾರಿದ. ಎಷ್ಟು ಉಳಿದ್ವು? ಮುನ್ನೂರ ಎಪ್ಪತ್ತು ಅಂತ ಬರೆದಿದ್ದೀಯಲ್ಲೋ. ಇಷ್ಟು ಸುಲಭದ್ದು ತಪ್ಪಿದ್ದೀಯಾ?"

"ತಪ್ಪಿಲ್ಲ ಮೇಡಂ. ಕೊಸ್ರು ಕಳ್ದಿದ್ದೀನಿ. ನೂರಕ್ಕೆ ಐದು. ಕೊಸ್ರು ಕೊಡ್ದಿದ್ರೆ ತಿಮ್ಮಪ್ಪಣ್ಣ ಕಾಯಿ ಮುಟ್ಟಾದೇ ಇಲ್ಲ."

ಮೇಡಂ ಹಾಳೆಯಿಂದ ಮುಖ ಮುಚ್ಚಿಕೊಂಡರು. ನಗುತ್ತಿದ್ದರು. ಶಿವಕುಮಾರ್ ಕೂಡ, "ನಮ್ಮವ್ವನ್ ಮೊಮ್ಮಗ ಕಣ್ರೀ, ಏನ್ ಯೋಳದು" ಎಂದು ನಕ್ಕ. ಮೇಡಂ ಆ ಲೆಕ್ಕಕ್ಕೆ ಪೂರ್ತಿ ಅಂಕ ಕೊಡಲಿಲ್ಲ, ಅರ್ಧ ಕೊಟ್ಟರು. ಒಟ್ಟಿನಲ್ಲಿ ಇಬ್ಬರೂ ಚೆನ್ನಾಗಿ ಗೆದ್ದರು. ಗೆದ್ದೆವು!

"ಹಾಗಾದ್ರೆ ನಾಳೆಯಿಂದ ಇಬ್ಬರೂ ಶಾಲೆಗೆ" ಅಂದರು ಮೇಡಂ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹರ್ಷನ ಕೈ ಮೆಲ್ಲಗೆ ಹೊಟ್ಟೆಗೆ ಹೋಯಿತು.

"ಬಂತು ನೋಡಿ ವಟ್ಟೆನೋವು" ಅಂದ ಶಿವಕುಮಾರ್. "ಎಲ್ಲಾ ಬತ್ತದೆ ಇವುಕ್ಕೆ, ಸ್ಕೂಲಿಗ್ ಓಗಾದೊಂದು ಬಿಟ್ಟು. ಅದ್ಕೇ ಯೋಳಿದ್ದು ಅತ್ಗೆ, ಆಸ್ಟೆಲ್ಲೇ ಸರಿ ಅಂತ."

ಹರ್ಷ ಜೋರಾಗಿ ಅಳಲು ಶುರುಮಾಡಿದ. "ಇಬ್ರುನ್ನೂ ಆಸ್ಟೆಲ್‌ಗೆ ಆಕುದ್ರೆ ಅಮ್ಮನ್ ಯಾರ್ ನೋಡ್ಕತಾರೆ?"

"ಸುಮ್ಕಿರ್ಲಾ!" ಅಂದಳು ಮೇಘಾ.

"ನಾ ಸುಮ್ಕಿರಲ್ಲ. ನೀನೇ ಯೋಳಿದ್ದು, ಅಮ್ಮನ್ನ ಒಬ್ಳೇ ಬುಡ್ಬಾರ್ದು ಅಂತ. ಅವತ್ತು ಮನೆ ತುಂಬಾ ಒಗೆ. ಹಾಲೆಲ್ಲಾ ಸೀದೋಗಿತ್ತು. ಅಮ್ಮ ಅಲ್ಲೇ ಕುಂತಿದ್ಲು ಮೇಡಂ. ಅಮ್ಮಾ ಅಂತ ಕರುದ್ರೂ ತಿರುಗ್ನಿಲ್ಲ. ನಾನು ಎಷ್ಟ್ ಸತಿ ಕರ್ದೆ ಗೊತ್ತಾ? ಅಪ್ಪನ್ನೂ ಬೆಂಚಲ್ಲಿ ಅಂಗೇ ಕರುದ್ರಂತೆ."

ಮೇಡಂ ಹಾಳೆಗಳನ್ನು ಜೋಡಿಸಿದರು, ಮತ್ತೆ ಜೋಡಿಸಿದರು. ಶಿವಕುಮಾರ್ ಕೀ ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದ.

ನಾನು ಹರ್ಷನ ಮೂಗು ಸೆರಗಿನಿಂದ ಒರೆಸಿದೆ. ಹೊಟ್ಟೆನೋವು. ಗ್ಯಾಸಿನ ಗುಂಡಿ. ಹದಿಮೂರರ ಮಗ್ಗಿ. ಪಾಠ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಮನೆಗೆ ಹೋಗುವ ದಾರಿ ಬಿಟ್ಟು ಮಕ್ಕಳನ್ನು ಕರೆದುಕೊಂಡು ಪಾಪಯ್ಯನವರ ಮನೆಗೆ ಹೋದೆ. ಅವರು ಹಿತ್ತಿಲಲ್ಲಿ ಕರುವಿಗೆ ಹುಲ್ಲು ಹಾಕುತ್ತಿದ್ದರು.

"ಪಾಪಣ್ಣ, ಆ ಟ್ರೈನಿಂಗಿಗೆ ನನ್ ಹೆಸರು ಬರೀರಿ."

"ಅಂಗಾರೆ ಪಾಠ?"

"ಅವ್ರದ್ದು ಮುಗೀತು. ಈಗ ನಂದು."

ಅಕ್ಟೋಬರ್ 22, ಮಂಗಳವಾರ

ಬೆಳಿಗ್ಗೆ ಎದ್ದಾಗ ಹರ್ಷ ಆಗಲೇ ಎದ್ದು ಸೀದ ಪಾತ್ರೆಯ ಮುಂದೆ ಕೂತಿದ್ದ. ಮೊದಲ ಸಲ ಅದರ ಮೇಲೆ ಬರೆಯುತ್ತಿದ್ದ. ತಳವನ್ನು ನಾಲ್ಕು ಭಾಗ ಮಾಡಿ ಅಜ್ಜಿ, ಅಮ್ಮ, ಅಕ್ಕ, ನಾನು ಎಂದು ಒಂದೊಂದರಲ್ಲಿ ಬರೆದಿದ್ದ. ಪ್ರತಿಯೊಂದಕ್ಕೂ ಕಾಲು. ಆಮೇಲೆ ಪಾತ್ರೆಯ ಅಂಚಿನ ಮೇಲೆ, ವೃತ್ತದ ಹೊರಗೆ, ಒಂದು ಚುಕ್ಕಿ.

"ಅದೇನ್ಲಾ?"

"ಕೊಸ್ರು. ಅಪ್ಪಂದು."

ಭಿನ್ನರಾಶಿಯಲ್ಲಿ ಕೊಸರು ಬರುವುದಿಲ್ಲ. ತಿದ್ದಲಿಲ್ಲ.

ಮೇಘಾ ಇವತ್ತು ಶಾಲೆಗೆ ಹೋದಳು. ನಾನು ಹಾಸನಕ್ಕೆ ಹೊರಡುವ ದಿನದಿಂದ ತಾನು ಅಂದ ಹರ್ಷ. ಅಲ್ಲಿಯ ತನಕ ಮನೆಯಲ್ಲಿ ನನ್ನ ಕಾವಲಿಗೆ ಅವನೊಬ್ಬನೇ. ಬೇತಾಳದ ಸರದಿ. ಆಗಲಿ ಅಂದೆ.

ನವೆಂಬರ್ 4, ಸೋಮವಾರ

ಹಾಸನದ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ತರಬೇತಿ ಶುರುವಾಗಲು ಇನ್ನೂ ಹೊತ್ತಿದೆ. ಬೇಗ ಬಂದುಬಿಟ್ಟಿದ್ದೇನೆ.

ಬೆಳಿಗ್ಗೆ ಮನೆಯಲ್ಲಿ ಮೂರು ಚೀಲ, ಮೂರು ಬುತ್ತಿ. ಅತ್ತೆ ದನ ಬಿಚ್ಚುತ್ತಾ, "ಎಲ್ರೂ ಇಸ್ಕೂಲಿಗೆ ಒಂಟ್ರಲ್ಲಪ್ಪ, ನಾನೊಬ್ಳೇ ದಡ್ಡಿ" ಅಂದರು. ಹರ್ಷ ನನ್ನ ಚೀಲ ತೆರೆದು ಪೆನ್ನು ನೋಡಿದ, ನೀರಿನ ಬಾಟ್ಲಿ ನೋಡಿದ. ಗ್ಯಾಸಿನ ಗುಂಡಿ ನೋಡಿದ. ಬೀಗ ನಾನೇ ಹಾಕಿದೆ.

ಬಸ್ಸು ಬಂತು. ಅವರಿಬ್ಬರೂ ಶಾಲೆಯ ದಾರಿಗೆ ತಿರುಗಿದರು. ಹರ್ಷ ತಿರುಗಿ ತಿರುಗಿ ನೋಡುತ್ತಾ ಹೋಗುತ್ತಿದ್ದ, ಮೇಘಾ ಅವನ ಚೀಲ ಹಿಡಿದು ಎಳೆಯುತ್ತಿದ್ದಳು. ನನಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಟಿತು.

"ಅಮ್ಮಾ!"

ಅಷ್ಟು ದೂರದಿಂದ. ಕುತ್ತಿಗೆಯ ನರ ಉಬ್ಬಿರಬೇಕು, ಅಷ್ಟು ಜೋರಾಗಿ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನ ಜೀವನದಲ್ಲಿ ಎಂದೂ ಕೂಗದಷ್ಟು ಜೋರಾಗಿ ಕೂಗಿದೆ.

"ಏನೋ?"

"ಏನಿಲ್ಲಾ!"

ಬಸ್ಸೆಲ್ಲ ನನ್ನ ಕಡೆ ತಿರುಗಿತು. ಕಂಡಕ್ಟರ್ ಸೊನ್ನೆ ಟಿಕೆಟ್ ಕೊಡುತ್ತಾ ಸೀಟಿ ಬಾಯಿಗೆ ಹಿಡಿದ.

"ಏನಮ್ಮಾ, ನಿಲ್ಲಿಸ್ಬೇಕಾ? ಏನಾರ ಬುಟ್ಟು ಬಂದ್ರಾ?"

"ಏನಿಲ್ಲ" ಅಂದೆ.